ಹುಳ ಹಣ್ಣಾದ ದಿನ ಅಕ್ಕನ ಪರೀಕ್ಷೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಹೊಂಗನೂರಿನ ಪಕ್ಕದ ಹಳ್ಳಿಯ ಕೇರಿಯಲ್ಲಿತ್ತು. ಕೇರಿ ಎಂದರೆ ಊರಿನಿಂದ ಆಚೆಗೆ, ನಮ್ಮಂಥವರು ಮಾತ್ರ ಇರುತ್ತಿದ್ದ ಜಾಗ. ಊರಬಾವಿಯಲ್ಲಿ ನಾವು ನೀರು ಸೇದುವಂತಿರಲಿಲ್ಲ. ಹೋಟೆಲಿನಲ್ಲಿ ನಮ್ಮನ್ನು ಹೊರಗೆ ನಿಲ್ಲಿಸಿಯೇ ಕಾಫಿ ಕೊಡುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು ನಿಜ. ನಮ್ಮೂರಿಗೆ ಅದು ನಡೆದುಕೊಂಡು ಬರುತ್ತಿತ್ತೋ ಏನೋ, ಇನ್ನೂ ತಲುಪಿರಲಿಲ್ಲ.

ಅವತ್ತು ಅಕ್ಕನ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಗುವ ದಿನ. ಕೇರಿಯಿಂದ ಆ ಪರೀಕ್ಷೆಗೆ ಕೂರಲಿದ್ದ ಮೊದಲ ಹುಡುಗಿ ಅವಳು. ನಸುಕಿನಲ್ಲೇ ಎದ್ದು, ತಲೆಗೆ ಹರಳೆಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕಿಕೊಂಡಿದ್ದಳು. ಅವ್ವ ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದಳು. ಚನ್ನಪಟ್ಟಣಕ್ಕೆ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಅದು ತಪ್ಪಿದರೆ ಪರೀಕ್ಷೆಯೂ ತಪ್ಪಿದಂತೆ.

ಅಷ್ಟರಲ್ಲಿ, ಕೇರಿಗೆಲ್ಲ ಕೂಲಿ ಕೊಡುತ್ತಿದ್ದ ಊರಿನ ಯಜಮಾನರ ಮನೆಯ ಆಳು ಬಂದು ಬಾಗಿಲಲ್ಲಿ ನಿಂತ. "ಹುಳ ಹಣ್ಣಾಗವೆ. ಎಲ್ಲಾರೂ ಬರ್ಬೇಕಂತೆ, ಮನೇಲಿ ಒಬ್ರೂ ಉಳೀಬಾರ್ದಂತೆ."

ರೇಷ್ಮೆಹುಳ ಹಣ್ಣಾದರೆ ಸೊಪ್ಪು ತಿನ್ನುವುದನ್ನು ಬಿಟ್ಟು, ಹಳದಿಗೆ ತಿರುಗಿ, ತಲೆ ಎತ್ತಿ ಆಡಿಸುತ್ತದೆ. ಆಗ ಒಂದೊಂದನ್ನೇ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೆಯೇ ನೂಲು ಸುತ್ತಿ ಬೆಳೆ ಹಾಳಾಗುತ್ತದೆ. ಹಾಗಾಗಿ ಯಜಮಾನರು ಕರೆದರೆ ಕೇರಿಯವರು ಹೋಗಲೇಬೇಕು. ಬರುವುದಿಲ್ಲ ಎಂದವರಿಗೆ ಮತ್ತೆ ಕೂಲಿ ಸಿಗುತ್ತಿರಲಿಲ್ಲ.

ಅಪ್ಪ ಅಕ್ಕನ ಮುಖ ನೋಡದೆ ನಡೆದ. ಅಕ್ಕ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ನಮ್ಮ ಹಿಂದೆ ಬಂದಳು. ಯಜಮಾನರ ಅಂಗಳದ ತುಂಬ ಹುಳದ ತಟ್ಟೆಗಳು, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಎಲ್ಲರೂ ತಟ್ಟೆಗಳ ಮುಂದೆ ಕೂತರು. ಅಕ್ಕ ಕೂರಲಿಲ್ಲ.

"ಯಜಮಾನ್ರೆ, ಇವತ್ತು ನಂಗೆ ಪರೀಕ್ಷೆ ಐತೆ. ಮುಗಿಸ್ಕಂಡು ಬಂದು ಕತ್ತಲಾಗೋಗಂಟ ಹುಳ ಆಯ್ತೀನಿ."

"ಪರೀಕ್ಷೆ ಮುಂದ್ಲ ವರ್ಸವೂ ಬತ್ತದೆ ಕಣವ್ವ. ಹುಳ ಕಾಯ್ತದಾ?"

"ಮುಂದ್ಲ ವರ್ಸವೂ ನಿಮ್ಮನೇಲಿ ಹುಳ ಇರ್ತವೆ," ಎಂದಳು ಅಕ್ಕ.

ಇನ್ನೂ ಹಣ್ಣಾಗದ ಹುಳಗಳು ಸೊಪ್ಪು ಮೇಯುವ ಸರಸರ ಸದ್ದು ಮಾತ್ರ ಕೇಳುತ್ತಿತ್ತು. ನನಗಂತೂ ಅಳು ಬರುವಷ್ಟು ಭಯವಾಗಿತ್ತು. ಯಜಮಾನರು ಅಕ್ಕನನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು. "ಏನ್ಲಾ, ಮಗಳಿಗೆ ಇದನ್ನೇ ಕಲಿಸಿರೋದು?"

ಆ ಅಂಗಳದಲ್ಲಿ ಅಪ್ಪ ತಲೆ ಎತ್ತಿ ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಅವತ್ತು ಎದ್ದು ನಿಂತ.

"ನಾನೇನ್ ಕಲಿಸ್ಲಿ ಬುದ್ಧಿ, ನಂಗೆ ಓದಾಕೆ ಬರಾಕಿಲ್ಲ. ಅವ್ಳು ಹೋಗ್ಲಿ. ಅವ್ಳ ಪಾಲಿಂದೂ ನಾನೇ ಆಯ್ತೀನಿ." ಆಮೇಲೆ ಅಕ್ಕನಿಗೆ, "ಓಡು ಮಗ, ಬಸ್ಸು ಬತ್ತದೆ," ಎಂದ.

ಅಕ್ಕ ಓಡಿದಳು. ಬಸ್ಸು ಹೊರಟ ಸದ್ದು ಕಿವಿಗೆ ಬಿದ್ದ ಮೇಲೆಯೇ ಅಪ್ಪ ಮತ್ತೆ ಕೂತದ್ದು. ಅಪ್ಪನ ಮೇಲೆ ಅವತ್ತು ಬಂದಷ್ಟು ಹೆಮ್ಮೆ ನನಗೆ ಇನ್ಯಾರ ಮೇಲೂ ಬಂದಿಲ್ಲ.

ಮುಂದಿನ ಬೆಳೆಗೆ ಯಜಮಾನರು ನಮ್ಮನ್ನು ಕರೆಯಲಿಲ್ಲ. ಅಪ್ಪ ರಾಮನಗರದ ಕಡೆ ಬಂಡೆ ಒಡೆಯಲು ಹೋದ. ತುಂಬ ಕಷ್ಟಪಟ್ಟೆವು, ಮುಚ್ಚಿಡುವುದೇಕೆ. ಅಕ್ಕ ಪಾಸಾದಳು. ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದಿ ವಕೀಲಳಾದಳು. ಊರಿಗೆ ಮರಳಿ ಬಂದು, ಕೇರಿಯ ಹೆಂಗಸರನ್ನೆಲ್ಲ ಜೊತೆಗೆ ಕರೆದುಕೊಂಡು ಹೋಗಿ ಊರಬಾವಿಗೆ ಕೊಡ ಇಳಿಸಿದಳು. ಯಜಮಾನರು ಕರೆದಾಗಲೆಲ್ಲ ಹೋಗಲೇಬೇಕೆಂಬ ಕಟ್ಟಳೆಯೂ ಅವಳಿಂದಲೇ ಮುರಿದುಬಿತ್ತು. ಕನಕಪುರ, ಮಾಗಡಿ ಕಡೆಯ ಹಳ್ಳಿಗಳಿಂದಲೂ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ನನ್ನ ಅಕ್ಕ ಎಲ್ಲರಿಗೂ ಅಕ್ಕನಾದಳು.

ಈಗ ನಿಮ್ಮನ್ನು ನೋಡುತ್ತೇನೆ ಮೊಮ್ಮಕ್ಕಳೇ. ಪರೀಕ್ಷೆಯ ದಿನ ಎಷ್ಟು ಎಬ್ಬಿಸಿದರೂ ಹೊದಿಕೆ ಎಳೆದುಕೊಳ್ಳುತ್ತೀರಿ. ನಿಮ್ಮಮ್ಮ ಇಡ್ಲಿ ಹಿಡಿದು ಹಿಂದೆ ಹಿಂದೆ ಓಡಾಡುತ್ತಾಳೆ, ನಿಮ್ಮಪ್ಪ ಸ್ಕೂಟರ್ ಹೊರಗೆ ತೆಗೆದು ಕಾಯುತ್ತಾನೆ. ನೀವು ಮುಖ ಊದಿಸಿಕೊಂಡು ಹೊರಡುತ್ತೀರಿ. ಅಕ್ಕ ಇದ್ದಿದ್ದರೆ ಕಿವಿ ಹಿಂಡುತ್ತಿದ್ದಳು. ನಾನು ಮಾತ್ರ ಬೈಯುವುದಿಲ್ಲ. ನಮ್ಮ ಮನೆಯ ಹುಡುಗಿಯೊಬ್ಬಳು ಹೀಗೆ ಗೊಣಗಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ಪರೀಕ್ಷೆಗೆ ಹೋಗುವುದನ್ನು ನೋಡಬೇಕೆಂದೇ ನಾನು ಆ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತೇನೆ.