ಕಲ್ಲವ್ವನ ನಲವತ್ತು ಹಲಗೆ

ಬನವಾಸಿ ಸೀಮೆಯ ಕಲ್ಲವ್ವನನ್ನು ನೋಡಿ ಊರು ಮೊದಲು ನಕ್ಕಿತು, ಆಮೇಲೆ ಹೊಗಳಿತು. ಎರಡಕ್ಕೂ ಕಾರಣ ಬೂದಿಯೇ. ಚನ್ನಬಸವನ ಅಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟು ಉರಿಸುತ್ತಾರೆ. ಅದರ ಬೂದಿ ಗಿರಣಿಯ ಹಿಂದೆ ಗುಡ್ಡೆ ಬಿದ್ದಿರುತ್ತಿತ್ತು. ಗಾಳಿ ಬೀಸಿದರೆ ದಾರಿಹೋಕರ ಕಣ್ಣಿಗೆ, ಮಳೆ ಬಂದರೆ ಕೆಳಗಿನವರ ಗದ್ದೆಗೆ. ಯಾರಿಗೂ ಬೇಡವಾದ ಆ ಬೂದಿಗೆ ಸಿಮೆಂಟು, ಸೋಸಿದ ಮಣ್ಣು ಬೆರೆಸಿ, ಅಚ್ಚಿಗೆ ಹಾಕಿ, ವಾರಗಟ್ಟಲೆ ನೀರುಣಿಸಿ, ನೆರಳಲ್ಲಿ ಆರಿಸಿ ಬೆಂಕಿಗೆ ಬಗ್ಗದ ಹಲಗೆ ಮಾಡುವವಳು ಕಲ್ಲವ್ವ. ಒಲೆಯ ಹಿಂದಿನ ಗೋಡೆಗೆ, ಮರದ ಅಟ್ಟದ ಅಡಿಗೆ ಅದನ್ನು ಹಾಕಿಸಿಕೊಂಡವರು ಸಿದ್ದಾಪುರದವರೆಗೂ ಇದ್ದಾರೆ. 'ಬೂದಿ ಕಲ್ಲಿ' ಎಂದು ಆಡಿಕೊಂಡವರೇ ಈಗ 'ಕಲ್ಲವ್ವಾರು' ಅನ್ನುತ್ತಾರೆ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ.

ಅವಳು ಈ ಕೆಲಸಕ್ಕೆ ಇಳಿದದ್ದು ಖುಷಿಯಿಂದಲ್ಲ. ಹನ್ನೆರಡು ವರ್ಷದ ಹಿಂದೆ ಹುಲ್ಲಿನ ಬಣವೆಗೆ ಹತ್ತಿದ ಬೆಂಕಿ ಮನೆಗೂ ಹಬ್ಬಿತು. ಗಂಡ ದ್ಯಾಮಪ್ಪ ಎಮ್ಮೆಯ ಹಗ್ಗ ಬಿಚ್ಚಲು ಒಳಗೆ ನುಗ್ಗಿದ. ಎಮ್ಮೆ ಉಳಿಯಿತು. ದ್ಯಾಮಪ್ಪನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಅಂಗೈ ಬೆಂದು ನುಣ್ಣಗಾಯಿತು. ಬೆಳಿಗ್ಗೆ ನೋಡಿದರೆ ಇಡೀ ಮನೆಯಲ್ಲಿ ನೆಟ್ಟಗೆ ನಿಂತಿದ್ದದ್ದು ಒಲೆಯ ಹಿಂದಿನ ಗೋಡೆಯೊಂದೇ. ಮಣ್ಣು ಸಾಲದೆ ಗಿರಣಿಯ ಬೂದಿ ಕಲಸಿ ಮೆತ್ತಿದ್ದ ಗೋಡೆ ಅದು. ಬಂದ ಹೆಂಗಸರೆಲ್ಲ ಅತ್ತರು. ಕಲ್ಲವ್ವನೂ ಅತ್ತಳು, ಅಳುತ್ತಲೇ ಆ ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದಳು.

ಮಾಡುತ್ತಾ ಮಾಡುತ್ತಾ ಅವಳಿಗೆ ತಿಳಿದದ್ದೇನೆಂದರೆ, ಬೂದಿಯೆಲ್ಲ ಒಂದೇ ಅಲ್ಲ. ಚೆನ್ನಾಗಿ ಉರಿದ ಬೂದಿ ಬೆಳ್ಳಗಿರುತ್ತದೆ, ಅದರಲ್ಲಿ ಸುಡಲು ಇನ್ನೇನೂ ಉಳಿದಿರುವುದಿಲ್ಲ. ಕಪ್ಪು ಬೂದಿ ಅರೆಬೆಂದದ್ದು. ಕಾವು ಸಿಕ್ಕರೆ ಒಳಗೊಳಗೇ ಮತ್ತೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಗಿರಣಿಯಿಂದ ಬೂದಿಯ ಟ್ರ್ಯಾಕ್ಟರ್ ಬಂದಾಗಲೆಲ್ಲ ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕುತ್ತಿದ್ದಳು. ಅಂಗೈಯ ಗೆರೆಗಳಲ್ಲಿ ಕಪ್ಪು ಉಳಿದರೆ ಟ್ರ್ಯಾಕ್ಟರ್ ಬಂದ ದಾರಿಯಲ್ಲೇ ವಾಪಸು.

ಹೋದ ಶ್ರಾವಣದ ಒಂದು ಸೋಮವಾರ ಬಂದ ಬೂದಿ ಕಾಡಿಗೆಯಂತಿತ್ತು. ವಾಪಸು ಕಳಿಸಲು ಕಲ್ಲವ್ವ ಕೈ ಎತ್ತಿದ್ದಳು, ಕಟ್ಟೆಯ ಮೇಲೆ ಕುಳಿತಿದ್ದ ದ್ಯಾಮಪ್ಪ ತಡೆದ.

"ಶ್ರಾವಣ ಸೋಮಾರ ಬೂದಿ ಬಾಗಲಿಗೆ ಬಂದೈತಿ. ತಿರುಗಿಸಿ ಕಳಸ್ತೀಯೇನ? ಅವ್ವ ಇದ್ದಿದ್ರ ಏನಂತಿದ್ಲು?"

ಅವರ ಮನೆಯಲ್ಲಿ ಅತ್ತೆಯ ಕಾಲದಿಂದ ನಡೆದು ಬಂದದ್ದು ಅದು. ಯಾವ ಒಲೆಯದಾದರೂ ಸರಿ, ಸೋಮವಾರದ ಬೂದಿಯನ್ನು ಚಿಟಿಕೆ ಹಣೆಗಿಟ್ಟುಕೊಂಡೇ ಮುಟ್ಟಬೇಕು. ಬೂದಿಯನ್ನು ಕೆಟ್ಟದ್ದು ಎಂದು ಬಾಯಿಬಿಟ್ಟು ಆಡಬಾರದು. ಕಲ್ಲವ್ವ ಹಣೆಗಿಟ್ಟುಕೊಂಡಳು. ಶೆಡ್ಡಿನ ಹಿಂದೆ ಸುರಿಸಿ ಮೇಲೆ ತಾಡಪಾಲು ಹೊದಿಸಿದಳು. ಕೆಲಸದ ಹೆಂಗಸರ ಮುಂದಾಳು ಗಿರಿಜವ್ವನಿಗೆ ಹೇಳಿದ್ದು ಒಂದೇ ಮಾತು: "ಅದು ಅಲ್ಲೇ ಇರ್ಲಿ." ಯಾಕೆ ಅಂತ ಹೇಳಲಿಲ್ಲ. ಸಿಟ್ಟು ಬರುವುದೇ ಇಲ್ಲಿ. ಇಷ್ಟೆಲ್ಲ ಬಲ್ಲ ಹೆಂಗಸಿಗೆ, 'ಇದು ಕೆಟ್ಟದ್ದು, ಹಾಕಬೇಡ್ರಿ' ಎನ್ನುವ ಎರಡು ಮಾತು ಬಾಯಿಂದ ಬರಲಿಲ್ಲ.

ಅದೇ ವಾರ ತಂಗಿಯ ಮಗಳ ಸೀಮಂತಕ್ಕೆಂದು ಯಲ್ಲಾಪುರಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದಳು. ಬಂದವಳು ಹಿಂದಿನ ಗುಡ್ಡೆಯನ್ನು ಮರೆತೇಬಿಟ್ಟಳು. ಮೂರು ತಿಂಗಳ ಮೇಲೆ ಗೊಬ್ಬರದ ಗುಂಡಿಗಾದರೂ ಹಾಕೋಣವೆಂದು ತಾಡಪಾಲು ಎತ್ತಿದರೆ ಅಡಿಯಲ್ಲಿ ಬರಿ ನೆಲ.

"ಗಿರಿಜವ್ವಾ, ಇಲ್ಲಿದ್ದ ಬೂದಿ ಎಲ್ಲೈತಿ?"

"ನೀವು ಯಲ್ಲಾಪುರಕ್ಕ ಹೋದಾಗ ಶೆಡ್ಡಿನ ಮುಂದಿದ್ದ ಬೂದಿ ತೀರಿತ್ರಿ. ಕೆಲಸ ನಿಲ್ಲಬಾರ್ದು ಅಂತ ಅದನ್ನ ಹಾಕಿದ್ವಿ. ನಲವತ್ತು ಹಲಗಿ ಆದ್ವು ನೋಡ್ರಿ!" ಗಿರಿಜವ್ವ ಹೆಮ್ಮೆಯಿಂದ ಹೇಳಿದಳು. ಕಲ್ಲವ್ವನ ಮುಖ ನೋಡಿ ದನಿ ಇಳಿಯಿತು. "ಯಾಕ್ರಿ, ಹಾಕಬಾರ್ದಿತ್ತೇನ್ರಿ?"

ಬೈಯಲು ಕಲ್ಲವ್ವನಿಗೆ ಬಾಯಿ ಎಲ್ಲಿತ್ತು?

ಗಿರಿಜವ್ವ ಬೇರೆಯಾಗಿ ಪೇರಿಸಿಟ್ಟಿದ್ದ ಆ ನಲವತ್ತರಲ್ಲಿ ಹದಿನೈದು ಇನ್ನೂ ಶೆಡ್ಡಿನಲ್ಲೇ ಇದ್ದವು. ಸಿಮೆಂಟು ಸೇರಿ ಎಲ್ಲ ಹಲಗೆಗಳೂ ಹೊರಗೆ ಒಂದೇ ಬಣ್ಣ. ಒಂದನ್ನು ತಂದು ಒಲೆಗೆ ಒತ್ತಿ ನಿಲ್ಲಿಸಿದಳು. ಅನ್ನ ಬೇಯುವವರೆಗೆ ಏನೂ ಆಗಲಿಲ್ಲ. ಹಿಟ್ಟು ಮುಗಿಯುವವರೆಗೆ ರೊಟ್ಟಿ ಬಡಿದಳು, ಆಗಲೂ ಇಲ್ಲ. ಒಲೆ ಆರಿಸಿ, ಹಲಗೆಯನ್ನು ಕಲ್ಲಿಗೆ ಹಾಕಿ ಮುರಿದಳು. ಒಳಗೆ ಕೆಂಪು ಗೆರೆಯೊಂದು ಊದುಬತ್ತಿಯ ತುದಿಯಂತೆ ಮೆಲ್ಲಗೆ ಸರಿಯುತ್ತಿತ್ತು. ಇಪ್ಪತ್ತನಾಲ್ಕು ಹಲಗೆ ಮನ್ಮನೆಯ ಶಾಲೆಗೆ ಹೋಗಿದ್ದವು, ಬಿಸಿಯೂಟದ ಅಡುಗೆಮನೆಗೂ ಮಕ್ಕಳ ಕೋಣೆಗೂ ನಡುವಿನ ಮರದ ಗೋಡೆಗೆ.

"ಈಗ್ಯಾಕ ಹೋಗಿ ಹೇಳ್ತಿ?" ಅಂದ ದ್ಯಾಮಪ್ಪ. "ಇಷ್ಟು ದಿನ ಏನೂ ಆಗಿಲ್ಲ. ಹೆಸರು ಕೆಟ್ರ ಕೆಲಸಕ್ಕ ಬರೋ ಆರು ಹೆಣ್ಮಕ್ಕಳ ಹೊಟ್ಟಿ ಮ್ಯಾಲ ಹೊಡದಂಗ ಆಕ್ಕೈತಿ."

ಕಲ್ಲವ್ವ ಗಂಡನ ಕೈಗಳನ್ನೇ ನೋಡಿದಳು. ಮರುದಿನ ಮುರಿದ ತುಂಡನ್ನು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸು ಹತ್ತಿದಳು. ಶಿರಸಿಯಲ್ಲೊಮ್ಮೆ, ಸಿದ್ದಾಪುರದಲ್ಲೊಮ್ಮೆ ಬಸ್ಸು ಬದಲಿಸಿ ಮನ್ಮನೆ ಮುಟ್ಟುವಾಗ ಎರಡನೇ ಪಿರಿಯಡ್ ನಡೆದಿತ್ತು.

ಮುಖ್ಯ ಶಿಕ್ಷಕಿ ಮೇಧಾ ನಗುತ್ತಲೇ ಹೊರಗೆ ಬಂದರು. "ಎಂತ ಕಲ್ಲವ್ವ, ಇಷ್ಟು ದೂರ ಬಂದ್ರಿ?"

"ಅಕ್ಕೋರ, ಒಲಿ ಹಿಂದಿನ ಹಲಗಿ ಒಂದು ಬಿಚ್ಚಸ್ರಿ. ಆಮ್ಯಾಲ ಹೇಳ್ತೀನ್ರಿ."

ಅಡುಗೆಯ ತಿಮ್ಮಿ ಗೊಣಗುತ್ತಲೇ ಕುದಿಯುವ ಸಾರು ಇಳಿಸಿ ಕಟ್ಟಿಗೆ ಹಿಂದಕ್ಕೆಳೆದಳು. ಸ್ಕ್ರೂ ಬಿಚ್ಚಿ ಹಲಗೆ ಸರಿಸಿದರೆ, ಹಿಂದಿನ ಮರ ಅಂಗೈಯಗಲ ಕರಕಲಾಗಿತ್ತು. ಕಲ್ಲವ್ವ ಅದರ ಮೇಲೆ ಕೈಯಿಟ್ಟಳು. ಮರ ಬಿಸಿಯಿತ್ತು. ಅದರ ಆಚೆ ಬದಿಯಲ್ಲಿ ಎರಡನೇ ಕ್ಲಾಸಿನ ಮಕ್ಕಳು ಒಂದೇ ಉಸಿರಿಗೆ ಮೂರರ ಮಗ್ಗಿ ಹೇಳುತ್ತಿದ್ದರು.

"ಅಯ್ಯೋ ದೇವರೇ, ಎಂತಾ ಆಗ್ತಿತ್ತು ಇದು!" ಮೇಧಾ ಓಡಿಹೋಗಿ ಮಕ್ಕಳನ್ನು ಅಂಗಳಕ್ಕೆ ಕಳಿಸಿದರು. ಕಲ್ಲವ್ವ ಇದ್ದದ್ದನ್ನು ಇದ್ದಹಾಗೆ ಹೇಳಿದಳು, ಸೋಮವಾರದಿಂದ ಹಿಡಿದು. ಮೇಧಾ ಬೈಯಲಿಲ್ಲ. "ನೀವು ಬಂದು ಹೇಳದೇ ಇದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ನಿಮ್ಮಂಥವ್ರು ಎಷ್ಟು ಜನ ಇದ್ದಾರೆ ಹೇಳಿ?" ಅಂದರು. ಕಲ್ಲವ್ವನಿಗೆ ಅಲ್ಲೇ ಅಳು ಬಂದುಬಿಟ್ಟಿತು. ನಾಲ್ಕು ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಸಂಜೆಯೊಳಗೆ ಇಪ್ಪತ್ತನಾಲ್ಕೂ ಇಳಿದವು. ಶೆಡ್ಡಿನ ಹದಿನೈದನ್ನು ಪುಡಿ ಮಾಡಿ ಗುಂಡಿಗೆ ಹಾಕಿದ್ದಾಯಿತು. ಉಳಿದದ್ದು ಒಂದು.

ಅದನ್ನು ಒಯ್ದವನು ಬೈಕಿನಲ್ಲಿ ಬಂದಿದ್ದ, ಹೆಲ್ಮೆಟ್ಟನ್ನೂ ತೆಗೆದಿರಲಿಲ್ಲ. ಸಿದ್ದಾಪುರದ ಬಳಿಯ ಬಿಳಗಿಯಲ್ಲಿ ತಾಯಿಯ ಒಲೆ ಮರದ ಗೋಡೆಗೆ ತೀರ ಹತ್ತಿರ ಇದೆ, ಅದಕ್ಕೆ ಒಂದೇ ಸಾಕು ಎಂದಿದ್ದ. ಹೆಸರು ಹೇಳಲಿಲ್ಲ, ಇವಳೂ ಕೇಳಲಿಲ್ಲ. ಹಲಗೆಯನ್ನು ಬೈಕಿಗೆ ಕಟ್ಟಿಕೊಡುತ್ತಾ ಒಂದು ಮಾತು ಮಾತ್ರ ಹೇಳಿದ್ದಳು: "ಇದನ್ನ ಹಾಕಿಸಿ ನಿಶ್ಚಿಂತಿಂದ ಇರ್ರಿ."

ಮೂರು ಸಲ ಬಿಳಗಿಗೆ ಹೋಗಿ ಬಂದಳು. ಹಾಲಿನ ಡೇರಿಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಕೇಳಿದಳು. ಒಲೆ ಕಂಡ ಮನೆಗೆಲ್ಲ ಹೊಕ್ಕು ಇಣುಕಿದಳು. ಕೆಲವರು ಕೂರಿಸಿ ಬೆಲ್ಲ ನೀರು ಕೊಟ್ಟರು, ಕೆಲವರು ಏನನ್ನೋ ಮಾರಲು ಬಂದವಳೆಂದು ಬಾಗಿಲು ಹಾಕಿಕೊಂಡರು. ಡೇರಿಯ ಗೋಡೆಗೆ ಫೋನ್ ನಂಬರು ಬರೆದ ಚೀಟಿ ಅಂಟಿಸಿ ಬಂದಳು.

ಹೋದ ಸೋಮವಾರ ಮತ್ತೆ ಟ್ರ್ಯಾಕ್ಟರ್ ಬಂತು. ಕಲ್ಲವ್ವ ಏಳುವ ಮೊದಲೇ ದ್ಯಾಮಪ್ಪ ಎದ್ದು ಹೋದ. ಮೊಂಡು ಕೈಗಳೆರಡರಲ್ಲೂ ಬೂದಿ ಬಾಚಿಕೊಂಡ. ಅವನ ಅಂಗೈಯಲ್ಲಿ ಗೆರೆಗಳೇ ಇಲ್ಲ, ಕಪ್ಪು ಉಳಿಯುವುದಾದರೂ ಎಲ್ಲಿ? ಉಟ್ಟ ಬಿಳಿ ಪಂಚೆಗೇ ತಿಕ್ಕಿ ನೋಡಿದ. ಪಂಚೆ ಮಸಿಯಾಯಿತು.

"ಇದು ಕೆಟ್ಟ ಬೂದಿ. ವಾಪಸ್ ಒಯ್ಯಪಾ."

"ಯಜಮಾನ್ರ, ಇವತ್ತ ಸೋಮಾರ ರೀ," ಅಂದ ಚಾಲಕ.

"ಗೊತ್ತೈತಿ. ಒಯ್ಯಿ."

ಕಲ್ಲವ್ವ ಈಗ ಹೆಸರು, ಊರು, ಮನೆಯ ಗುರುತು ಬರೆದುಕೊಳ್ಳದೆ ಒಂದು ಹಲಗೆಯನ್ನೂ ಕೊಡುವುದಿಲ್ಲ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಹಲೋ ಅನ್ನುವ ಮೊದಲೇ ಕೇಳುತ್ತಾಳೆ, "ಬಿಳಗಿಯವರೇನ್ರಿ?" ನಿನ್ನೆ ಬೆಳಿಗ್ಗೆಯೂ ಕೇಳಿದಳು.

"ಅಲ್ಲ, ನಾವು ಶಿರಸಿಯವ್ರು. ನಿಮ್ಮ ಹಲಗೆ ಹಾಕಿದ್ರೆ ಬೆಂಕಿ ಹೆದರಿಕೆ ಇಲ್ಲ ಅಂತಾರಲ್ಲ, ಹತ್ತು ಬೇಕಿತ್ತು."

ಬರೆದುಕೊಂಡು ಫೋನ್ ಇಟ್ಟಳು. ಗಿರಿಜವ್ವ ಅಚ್ಚಿಗೆ ಎಣ್ಣೆ ಸವರುತ್ತಿದ್ದಳು, ಗಂಟೆ ಏಳಾಗಿತ್ತು. ಬಿಳಗಿಯ ಆ ತಾಯಿ ಈ ಹೊತ್ತಿಗೆ ಒಲೆ ಹೊತ್ತಿಸಿರುತ್ತಾಳೆ, ನಿಶ್ಚಿಂತೆಯಿಂದ.