ದೀಪ ಹಚ್ಚಿದ ಮೇಲಿನ ಮೊಸರು

ಸುಚಿತ್ರಾ ಆತ್ಮಹತ್ಯೆ ತಡೆಯುವುದರ ಬಗ್ಗೆ ಓದುತ್ತಿದ್ದಾಳೆಂಬುದು ಕೃಷ್ಣಮೂರ್ತಿಪುರಂನ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ "ಸೈಕಾಲಜಿ ಕಣ್ರೀ, ಆನ್‌ಲೈನಲ್ಲಿ ಎಂ.ಎಸ್ಸಿ." ಎಂದು ಹೇಳಿ ಮಾತು ಮರೆಸುತ್ತಿದ್ದಳು.

ಅವಳು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕಾರ್ಮಿಕರ ಕಷ್ಟಸುಖ ನೋಡಿಕೊಳ್ಳುವ ಅಧಿಕಾರಿ. ಯಾರಾದರೂ ಒಬ್ಬರು ಈ ತರಬೇತಿ ಪಡೆಯಲಿ ಎಂದು ಮ್ಯಾನೇಜರು ಮೀಟಿಂಗಿನಲ್ಲಿ ಹೇಳಿದಾಗ ಎಲ್ಲರೂ ಮೇಜು ನೋಡುತ್ತ ಕೂತಿದ್ದರು. "ಮೇಡಂ ಮಾಡ್ಲಿ ಬುಡಿ ಸಾರ್. ಇವ್ರು ಆ ಸೀಟಲ್ಲಿ ಕೂತ್ರೆ ಸಾಯೋದಿಕ್ಕೂ ಮೂರು ಕಾಪಿ ಅರ್ಜಿ ಕೇಳ್ತಾರೆ" ಎಂದು ಸ್ಟೋರ್ಸಿನ ಮರಿಸ್ವಾಮಿ ಎಲ್ಲರನ್ನೂ ನಗಿಸಿದ. ಆ ನಗುವಿಗೆ ರೇಗಿಯೇ ಅವಳು ಕೈ ಎತ್ತಿದ್ದು. ಓದುತ್ತ ಓದುತ್ತ ಸಿಟ್ಟು ಹೋಗಿ ಪ್ರೀತಿ ಬಂದಿತ್ತು. ಓದಿನ ಹೆಸರು ಹೇಳುವ ಧೈರ್ಯ ಮಾತ್ರ ಬಂದಿರಲಿಲ್ಲ.

ಆ ಶನಿವಾರ ಸಂಜೆಯ ಕ್ಲಾಸಿನಲ್ಲಿ ಪರೀಕ್ಷೆ ಇತ್ತು. ಸಹಪಾಠಿಯೊಬ್ಬ ಬದುಕು ಬೇಡವಾದವನಂತೆ ನಟಿಸಬೇಕು, ಸುಚಿತ್ರಾ ಅವನ ಹತ್ತಿರ ಮಾತಾಡಬೇಕು. ಸುತ್ತಿ ಬಳಸದೆ ನೇರವಾಗಿ ಕೇಳಿ, ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ ಎಂದು ಮೇಷ್ಟ್ರು ಕಲಿಸಿದ್ದರು. ಅವಳು ಪರದೆಯ ಮೇಲಿನ ಮುಖವನ್ನು ನೋಡಿ, ದನಿ ನಡುಗದಂತೆ, "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು ಕೇಳಿದಳು. ಮೇಷ್ಟ್ರು ಎಲ್ಲರೆದುರು ಹೊಗಳಿದರು.

ಒಳಗಿನಿಂದ ಅತ್ತೆ ಸರೋಜಮ್ಮ ಕೂಗಿದರು: "ಮುಸ್ಸಂಜೇಲಿ ಅದೇನು ಮಾತೇ! ಅಸ್ತು ದೇವತೆಗಳು ಓಡಾಡೋ ಹೊತ್ತು. ಅಂದದ್ದಕ್ಕೆಲ್ಲ ಅಸ್ತು ಅಂದ್ಬುಟ್ರೆ?"

"ಅದು ಪಾಠ, ಅತ್ತೆ."

"ಪಾಠ ಅಂತ ಅವರಿಗೆ ಗೊತ್ತಾಗುತ್ತಾ?"

ಲ್ಯಾಪ್‌ಟಾಪ್ ಮುಚ್ಚಿ ನಗುತ್ತಲೇ ಜಗಲಿಗೆ ಬಂದಾಗ ಎದುರುಮನೆಯ ಅಂಬುಜಕ್ಕ ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ನಿಂತಿದ್ದಳು. ಸೀರೆಗಳಿಗೆ ಕುಚ್ಚು ಕಟ್ಟಿ ಬದುಕುವವಳು. ಹೋದ ವರ್ಷ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು.

"ಏನಕ್ಕ, ಸೊರಗಿಹೋಗಿದೀರಾ?"

"ಸಾಕಾಗಿದೆ ಕಣೇ. ಮಲಗಿದೋಳು ಬೆಳಗ್ಗೆ ಏಳದೇ ಇದ್ರೆ ಎಷ್ಟು ಚೆನ್ನ ಅನ್ಸುತ್ತೆ."

"ಛೀ! ಬಿಡ್ತು ಅನ್ನಿ!"

ಯೋಚಿಸಿ ಆಡಿದ ಮಾತಲ್ಲ. ಕೆಟ್ಟ ಮಾತು ಕಿವಿಗೆ ಬಿದ್ದರೆ ಅಜ್ಜಿ ಹಾಗನ್ನುತ್ತಿದ್ದಳು, ಅಮ್ಮ ಹಾಗನ್ನುತ್ತಿದ್ದಳು. ಕೆಮ್ಮು ಬಂದಂತೆ ಬಂತು. ಬೈಸಿಕೊಂಡ ಮಗುವಿನ ಹಾಗೆ ಅಂಬುಜಕ್ಕ "ಬಿಡ್ತು" ಅಂದಳು, ಚೂರು ನಕ್ಕಳು. ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಹೊರಟುಹೋದಳು.

ಸುಚಿತ್ರಾ ಒಳಗೆ ಬಂದು ಫೋನಿನಲ್ಲಿ ಸಹಪಾಠಿಗಳ ಅಭಿನಂದನೆ ಓದುತ್ತ ಕೂತಳು. ದೀಪ ಹಚ್ಚಿ ಜಗಲಿಗೆ ಹೋಗಿದ್ದ ಸರೋಜಮ್ಮ ಖಾಲಿ ಬಟ್ಟಲು ಹಿಡಿದು ಬಂದರು. "ಮೊಸರಿಗೆ ಬಂದೋಳು ಬಟ್ಟಲೂ ಇಲ್ಲೇ ಬಿಟ್ಟು ಹೋಗಿದಾಳಲ್ಲೇ. ಏನಂತೆ ಅವಳಿಗೆ?"

ಏನಂತೆ. ಸುಚಿತ್ರಾ ಕೇಳಿಯೇ ಇರಲಿಲ್ಲ. ಮುಖ, ಕಿವಿ, ಕತ್ತು ಎಲ್ಲ ಸುಡತೊಡಗಿತು. ನಟಿಸಿದವನನ್ನು ಕೇಳಿ ಹೊಗಳಿಸಿಕೊಂಡ ಬಾಯಿ, ನಿಜವಾಗಿ ಬಂದವಳ ಬಾಯಿ ಮುಚ್ಚಿಸಿತ್ತು. ಫೋನಿನಲ್ಲಿ ಇನ್ನೊಂದು ಚಪ್ಪಾಳೆ ಬಂತು. ಅವಳು ಫೋನನ್ನು ಮಗುಚಿಟ್ಟಳು.

ಬಟ್ಟಲಿಗೆ ಮೊಸರು ಹಾಕುತ್ತಿದ್ದಾಗ ಅತ್ತೆ ತಡೆದರು. "ದೀಪ ಹಚ್ಚಿದ ಮೇಲೆ ಮೊಸರು ಕೊಡ್ತಾರೇನೇ?"

"ಕೊಡ್ತೀನಿ ಅತ್ತೆ" ಎಂದವಳೇ ಬೀದಿ ದಾಟಿದಳು.

ಅಂಬುಜಕ್ಕ ಅರ್ಧ ಕಟ್ಟಿದ ಕುಚ್ಚಿನ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಒಲೆ ಹತ್ತಿಸಿರಲೇ ಇಲ್ಲ. ಸುಚಿತ್ರಾ ಎದುರಿಗೆ ನೆಲದ ಮೇಲೆ ಕೂತಳು. ಪಾಠದಲ್ಲಿ ಪರದೆಯಿತ್ತು, ಇಲ್ಲಿ ತಾನು ಮದುವೆಯಾಗಿ ಬಂದ ದಿನ ಆರತಿ ಎತ್ತಿದವಳ ಮುಖ.

"ಅಕ್ಕ, ಆಗ ನಿಮ್ಮ ಮಾತು ಕೇಳಿಸಿಕೊಳ್ಳದೆ ಬಾಯಿ ಮುಚ್ಚಿಸಿಬಿಟ್ಟೆ, ತಪ್ಪಾಯ್ತು. ಈಗ ಕೇಳ್ತೀನಿ. ಸಾಯಬೇಕು ಅಂತ ಅನ್ನಿಸ್ತಿದೆಯಾ?"

ದನಿ ಚೆನ್ನಾಗಿಯೇ ನಡುಗಿತು. ಅಂಬುಜಕ್ಕ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೂಂ" ಅಂದಳು. ಆಮೇಲೆ ಬಟ್ಟಲಿನತ್ತ ನೋಡಿ, "ಮನೇಲಿ ಮೊಸರಿತ್ತು ಕಣೇ. ಸುಮ್ನೆ ಬಂದಿದ್ದೆ."

ಸುಚಿತ್ರಾಳಿಗೆ ತಲೆ ಎತ್ತಲಾಗಲಿಲ್ಲ. ತಗ್ಗಿಸಿದ ತಲೆಯಲ್ಲೇ ಮುಂದಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದಳು, ಬಂದ ಉತ್ತರಕ್ಕೆಲ್ಲ ಕಾದಳು. ಅಗ್ರಹಾರದಲ್ಲಿದ್ದ ಅಂಬುಜಕ್ಕನ ತಮ್ಮ ಸುಂದರೇಶನಿಗೆ ಅವಳ ಫೋನಿನಿಂದಲೇ, ಅವಳನ್ನು ಕೇಳಿಯೇ, ಫೋನು ಮಾಡಿದಳು. ಬೆಳಗ್ಗೆ ಡಾಕ್ಟರ ಹತ್ತಿರ ಮೂವರೂ ಹೋಗುವುದೆಂದಾಯಿತು. ತಮ್ಮ ಈಗಲೇ ಹೊರಟಿದ್ದ.

"ಸುಚಿತ್ರಾ! ಕೊಟ್ಟಾಯ್ತಾ? ಬಾರೇ!" ಆಚೆ ಜಗಲಿಯಿಂದ ಅತ್ತೆಯ ಕೂಗು.

"ಬರಲ್ಲ ಅತ್ತೆ. ಅಂಬುಜಕ್ಕನ ಜೊತೆ ಇರ್ತೀನಿ."

ಅತ್ತೆ ಅಲ್ಲಿಂದಲೇ ಅಂದರು: "ಹುಳಿ ಬಿಸಿ ಇದೆ. ಇಬ್ಬರಿಗೂ ತರ್ತೀನಿ ಇರು."

ಅಂಬುಜಕ್ಕ ಕಣ್ಣೊರೆಸಿಕೊಂಡಳು. "ಇಷ್ಟೆಲ್ಲ ಎಂಗೆ ಗೊತ್ತು ನಿಂಗೆ? ಅದೇನೋ ಓದ್ತಿದೀಯಂತೆ, ಏನದು?"

ಸೈಕಾಲಜಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸುಚಿತ್ರಾ ನುಂಗಿಕೊಂಡು, ಇದ್ದ ಹೆಸರನ್ನೇ ಹೇಳಿದಳು.

ಅಂಬುಜಕ್ಕ ಅವಳನ್ನೇ ನೋಡಿದಳು. "ಅದನ್ನು ಓದಿಯೂ ಬಿಡ್ತು ಅನ್ನಿ ಅಂದೆಯಲ್ಲೇ!" ಎಂದಳು, ಅಳುವಿನ ನಡುವೆಯೇ ನಕ್ಕಳು.

ಸುಚಿತ್ರಾಳಿಗೆ ಜೊತೆಗೆ ನಗಲು ಆಗಲಿಲ್ಲ. ಸೀರೆಯ ಇನ್ನೊಂದು ಅಂಚನ್ನು ತನ್ನ ಮಡಿಲಿಗೆ ಎಳೆದುಕೊಂಡು ಸಿಕ್ಕಾದ ದಾರ ಬಿಡಿಸುತ್ತ, "ಅಂದೆ ಅಕ್ಕ" ಎಂದಳು. "ಈಗ ಹೇಳಿ. ಕೂತಿದೀನಿ."