ಗುಂಪಿಗೆ ಸೇರದ ಕಾಳು

ಜಡಿಗೇನಹಳ್ಳಿಯಿಂದ ಅಕ್ಕ ಗೌರಿ ಈ ಸಲವೂ ಅವರೆಕಾಯಿ ಕಳಿಸಿದ್ದಾಳೆ. ಚೀಲದ ಬಾಯಿ ಬಿಚ್ಚಿದ್ದೇ ತಡ, ಮನೆಯೆಲ್ಲ ಸೊಗಡು. ಅಕ್ಕ ಎಂದರೆ ಮಹಾ ಹಿರಿಯಳೇನಲ್ಲ. ನಾವು ಅವಳಿಜವಳಿ, ಅವಳು ತುಸು ಮುಂಚೆ ಬಂದಳು, ಅಷ್ಟೆ. ಕಾಯಿ ಸುಲಿಯುತ್ತ ಮೊಮ್ಮಗಳು ಕೇಳಿದಳು: "ಅಜ್ಜಿ, ನೀನು ಟೀಚರ್ ಆದೆ. ದೊಡ್ಡಜ್ಜಿ ಯಾಕೆ ಓದ್ಲಿಲ್ಲ?"

"ಅವಳಿಗೆ ಓದು ಹತ್ತಲಿಲ್ಲ ಕಣೇ" ಎಂದೆ. ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದ ಮಾತು. ಇವತ್ತು ಯಾಕೋ ಅದು ನನಗೇ ಒಪ್ಪಿಗೆಯಾಗಲಿಲ್ಲ.

ಮಕ್ಕಳಿಲ್ಲದ ದೊಡ್ಡಮ್ಮ ನನ್ನನ್ನು ಎಳೆಗೂಸಾಗಿದ್ದಾಗಲೇ ದೇವನಹಳ್ಳಿಗೆ ಒಯ್ದು ಸಾಕಿದಳು. ದೊಡ್ಡಪ್ಪ ತಾಲ್ಲೂಕು ಕಚೇರಿಯ ಗುಮಾಸ್ತ. ಮನೆಯಲ್ಲಿ ಪತ್ರಿಕೆ, ಸ್ಲೇಟು, ಓದಲು ಬೇರೆಯೇ ಲಾಂದ್ರ. ನಾನು ಶಾಲೆಗೆ ಹೋಗುತ್ತಿದ್ದದ್ದು ಯುದ್ಧದ, ರೇಷನ್ನಿನ ಕಾಲದಲ್ಲಿ. ನಮ್ಮ ಮೇಷ್ಟ್ರಿಗೆ ಬುದ್ಧಿ ಅಳೆಯುವ ಹುಚ್ಚು. ಕೆಟ್ಟವರಲ್ಲ, ಜ್ವರ ಬಂದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಮನೆಗೆ ಬಿಟ್ಟು ಬರುತ್ತಿದ್ದರು. ಆದರೆ ಬುದ್ಧಿ ಇರುವುದು ರಕ್ತದಲ್ಲಿ, ಹೊಲ ಉತ್ತು ಆರಂಬ ಮಾಡುವವರ ಮಕ್ಕಳಿಗೆ ಅದು ಒಂದು ಹಿಡಿ ಕಡಿಮೆ ಎಂದು ನಂಬಿದ್ದರು. ಸಾಕ್ಷಿಗೆ ನನ್ನನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರು: "ನೋಡ್ರೋ, ಗುಮಾಸ್ತರ ಮನೆ ರಕ್ತ!" ನಾನು ಸಾಕುಮಗಳೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನಂತೂ ಹೇಳುವವಳಲ್ಲ, ಹೊಗಳಿಕೆ ಯಾರಿಗೆ ಬೇಡ, ನೀವೇ ಹೇಳಿ.

ಒಂದು ಸಂಕ್ರಾಂತಿ ಕಳೆದ ಮೇಲೆ, ಊರಲ್ಲಿ ಆರಂಬ ಮಾಡಿಕೊಂಡಿದ್ದ ನನ್ನ ಹೆತ್ತ ಅಪ್ಪ ಅವ್ವ ಗೌರಿಯನ್ನು ಗಾಡಿಯಲ್ಲಿ ನಮ್ಮ ಶಾಲೆಗೆ ಕರೆತಂದರು. ಅವಳೂ ಇಲ್ಲೇ ಓದಲಿ ಎಂದು ಅವ್ವನ ಹಟ. ಮೇಷ್ಟ್ರು ಹೂಂ ಎಂದರೆ ಸರಿ ಎಂದು ಅಪ್ಪ. ಗೌರಿ ಬಟ್ಟೆಗಂಟನ್ನು ಮಡಿಲಿನಿಂದ ಇಳಿಸಲೇ ಇಲ್ಲ. ಬಿಸಿಲಿಗೆ ಕಂದಿದ ಅವಳ ಮುಖ, ಎಣ್ಣೆ ಹಚ್ಚಿ ಬಾಚಿದ ನನ್ನ ಜಡೆ. ಮೇಷ್ಟ್ರು ನಮ್ಮನ್ನು ದೂರದ ನೆಂಟರೆಂದುಕೊಂಡಿದ್ದರು. ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದರು.

"ರಾಗಿ, ಜೋಳ, ಭತ್ತ, ಅವರೆ. ಗುಂಪಿಗೆ ಸೇರದೇ ಇರೋದು ಯಾವುದು?"

"ಅವರೆ" ಎಂದೆ ನಾನು. ಏಕದಳ, ದ್ವಿದಳ ಎಂದು ಮೇಷ್ಟ್ರೇ ಬಾಯಿಪಾಠ ಮಾಡಿಸಿದ್ದರು.

"ಭತ್ತ" ಎಂದಳು ಗೌರಿ. "ರಾಗಿ ಹೊಲ್ದಲ್ಲೇ ಅಕ್ಕಡಿ ಸಾಲು ಬಿಟ್ಟು ಅವರೆ, ಜೋಳ ಎಲ್ಡೂ ಹಾಕ್ತೀವಿ. ಭತ್ತ ಕೆರೆ ಕೆಳಗೆ ಒಂದೇ ಇರ್ತದೆ."

ಮೇಷ್ಟ್ರು ಊಹೂಂ ಎಂದರು. "ಬೇಜಾರು ಮಾಡ್ಕೋಬೇಡಿ ಗೌಡ್ರೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಇವಳಿಗೆ ಓದು ಹತ್ತಲ್ಲ."

ಅವ್ವ ನಮ್ಮಿಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದಳು. "ಎಲ್ಡೂ ನನ್ನ ನೂಲೇ ಸ್ವಾಮಿ. ಒಂದೇ ಬಸ್ರು. ಅವಳಿಗೆ ಹತ್ತಿದ್ದು ಇವಳಿಗೆ ಯಾಕೆ ಹತ್ತಲ್ಲ?"

ಮೇಷ್ಟ್ರು ನಮ್ಮ ಮುಖಗಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಕನ್ನಡಕ ಒರೆಸಿಕೊಂಡರು. ಹೂಂ ಎನ್ನಲಿಲ್ಲ.

"ನಡಿಯೇ, ಓದಿದೋರಿಗಿಂತ ನಿಂಗೆ ಗೊತ್ತಾ?" ಎಂದು ಅಪ್ಪ ಗಾಡಿ ಹೂಡಿದ. ಗೌರಿ ಗಂಟು ಬಿಚ್ಚಿ, ನನಗೆಂದು ತಂದಿದ್ದ ಅವರೆಕಾಯಿ ಕೊಟ್ಟು ಹತ್ತಿದಳು. ಮರುದಿನದಿಂದ ಮೇಷ್ಟ್ರು ನನ್ನನ್ನು ಸಾಕ್ಷಿಗೆ ನಿಲ್ಲಿಸುವುದನ್ನು ಬಿಟ್ಟರು. ನಂಬಿಕೆಯನ್ನೂ ಬಿಟ್ಟರೆಂದು ಹೇಳಲಾರೆ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಕಾಯಿ ಸುಲಿಯುತ್ತಿದ್ದ ಮೊಮ್ಮಗಳ ಕೈ ನಿಂತಿತ್ತು. "ಓದು ಹತ್ತಲಿಲ್ಲ ಅಂದೆನಲ್ಲ, ಅದು ಸರಿಯಲ್ಲ ಕಣೇ" ಎಂದೆ. "ಅವಳನ್ನ ಓದೋಕೆ ಬಿಡಲಿಲ್ಲ."

"ಮತ್ತೆ ನಿಮ್ಮ ದೊಡ್ಡಮ್ಮ ನಿನ್ನನ್ನೇ ಯಾಕೆ ಆರಿಸಿದ್ದು? ನೀನು ಜಾಣೆ ಅಂತಾನಾ?"

"ತೊಟ್ಟಿಲಲ್ಲಿ ಇಬ್ಬರೂ ಅಳ್ತಿದ್ವಂತೆ. ಎತ್ಕೊಂಡಾಗ ನಾನು ಸುಮ್ಮನಾದೆನಂತೆ."

"ಅಷ್ಟೇನಾ?"

"ಅಷ್ಟೇ ಕಣೇ."